ಕಕ್ಷೆಯಲ್ಲಿ ರಜೆ: ಹೋಟೆಲ್ ಎನ್ನೋಣವೇ, ಬಿಡಾರ ಎನ್ನೋಣವೇ?

ಗೆಳೆಯರೇ,

ಭೂಮಿಯನ್ನು ಸುತ್ತುತ್ತಿರುವ ನೆಲೆಯೊಂದರಲ್ಲಿ ಹಣ ಕೊಟ್ಟು ಕೆಲವು ದಿನ ಇದ್ದು ಬರುವುದರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ವಿಷಯಕ್ಕೆ ಕೊರತೆಯಿಲ್ಲ, ಪದಗಳೇ ಕೈಕೊಡುತ್ತಿವೆ. ಪತ್ರಿಕೆಗಳಲ್ಲಿ ‘ಬಾಹ್ಯಾಕಾಶ ಹೋಟೆಲ್’ ಎಂಬ ಜೋಡಿ ಕಾಣಿಸುತ್ತದೆ. ಅದರ ಮೊದಲರ್ಧದ ಮೇಲೆ ನನಗೆ ತಕರಾರಿಲ್ಲ, ಎರಡನೆಯದರ ಮೇಲೆ ಇದೆ.

ಕನ್ನಡದಲ್ಲಿ ಹೋಟೆಲ್ ಎಂದೊಡನೆ ನೆನಪಾಗುವುದು ಊಟ-ತಿಂಡಿ. ‘ಹೋಟೆಲಿಗೆ ಹೋಗಿದ್ದೆವು’ ಎಂದವರನ್ನು ಏನು ತಿಂದಿರಿ ಎಂದು ಕೇಳುತ್ತೇವೆಯೇ ಹೊರತು ಎಷ್ಟು ದಿನ ಇದ್ದಿರಿ ಎಂದಲ್ಲ. ಇರುವುದಕ್ಕೆ ಲಾಡ್ಜು, ವಸತಿಗೃಹ, ಛತ್ರ ಎಂದು ಬೇರೆ ಮಾತುಗಳಿವೆ. ಕಕ್ಷೆಯ ವಾಸದಲ್ಲಿ ಸಪ್ಪೆಯಾಗುವುದು ಈ ಊಟವೇ. ತೂಕವಿಲ್ಲದಾಗ ದೇಹದ ದ್ರವಗಳು ತಲೆಯ ಕಡೆಗೆ ಸರಿಯುತ್ತವೆ, ಮುಖ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ. ನೆಗಡಿಯಾದಾಗಿನಂತೆ ರುಚಿ ಮಂದವಾಯಿತು ಎಂದು ಹೋಗಿ ಬಂದ ಅನೇಕರು ಹೇಳಿದ್ದಾರೆ.

ಹೋಟೆಲಿಗೆ ಇನ್ನೊಂದು ಅರ್ಥವೂ ಇದೆ, ದೊಡ್ಡ ಹೋಟೆಲಿನದು: ಹಾಸಿಗೆಯನ್ನು ಬೇರೆಯವರು ಸರಿಪಡಿಸುತ್ತಾರೆ, ನಾವು ಆರಾಮವಾಗಿರುತ್ತೇವೆ. 1967ರಲ್ಲಿ ಹೋಟೆಲ್ ಉದ್ಯಮಿ ಬ್ಯಾರನ್ ಹಿಲ್ಟನ್ ಚಂದ್ರನ ಮೇಲೆ ಹೋಟೆಲು ಕಟ್ಟುವ ಬಗ್ಗೆ ಭಾಷಣ ಮಾಡಿದ ಕಾಲದಿಂದಲೂ ಜನರ ಕಣ್ಣ ಮುಂದಿರುವುದು ಈ ಚಿತ್ರ. ಇಂದು ಕಕ್ಷೆಯಲ್ಲಿ ಸಿಗುವ ವ್ಯವಸ್ಥೆ ನೋಡಿ. ಹಾಸಿಗೆಯ ಬದಲು ಗೋಡೆಗೆ ಕಟ್ಟಿದ ಒಂದು ಚೀಲ. ಅದರ ಬಳಿ ಗಾಳಿಯಾಡುತ್ತಲೇ ಇರಬೇಕು. ಇಲ್ಲದಿದ್ದರೆ ಬಿಟ್ಟ ಉಸಿರು ಏರಿ ಹೋಗದೆ ಮುಖದ ಸುತ್ತಲೇ ನಿಂತುಬಿಡುತ್ತದೆ. ಸ್ನಾನವಿಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಬೇಕು. ಶೌಚಾಲಯ ಗಾಳಿಯ ಸೆಳೆತದಿಂದ ಕೆಲಸ ಮಾಡುತ್ತದೆ, ಅದನ್ನು ಬಳಸುವುದಕ್ಕೂ ತರಬೇತಿ ಬೇಕು. ಕುಡಿಯುವ ನೀರಿನ ಒಂದು ಪಾಲು ಮೂತ್ರವನ್ನೇ ಶುದ್ಧಮಾಡಿ ಪಡೆದದ್ದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಖಾಸಗಿ ಅತಿಥಿಗಳಿಗಾಗಿ ನಾಸಾ 2019ರಲ್ಲಿ ಪ್ರಕಟಿಸಿದ ದರಪಟ್ಟಿಯಲ್ಲಿ ಗಾಳಿ, ನೀರು, ಶೌಚದ ವ್ಯವಸ್ಥೆಗೆ ತಲೆಗೆ ದಿನಕ್ಕೆ 11,250 ಡಾಲರ್, ಆಹಾರ ಮತ್ತಿತರ ಸಾಮಗ್ರಿಗೆ 22,500 ಡಾಲರ್ ಎಂದಿತ್ತು. ಆಮೇಲೆ ದರ ಇನ್ನೂ ಏರಿತು. ಪ್ರಯಾಣದ ವೆಚ್ಚ ಬೇರೆ, ಅದು ಕೋಟಿಗಟ್ಟಲೆ ಡಾಲರ್. ಉಸಿರಾಡುವುದಕ್ಕೂ ಬಿಲ್ಲು ಹಾಕುವ ಜಾಗವನ್ನು ಹೋಟೆಲ್ ಎಂದು ಕರೆಯಲು ನನಗೆ ಮನಸ್ಸು ಬರುತ್ತಿಲ್ಲ.

ನನ್ನ ಸಲಹೆ ‘ಬಿಡಾರ’. ‘ಬಿಡಾರ ಹೂಡು’ ಎನ್ನುವುದು ನಮಗೆಲ್ಲ ಗೊತ್ತಿರುವ ನುಡಿಗಟ್ಟು. ಅದರಲ್ಲಿ ತಾತ್ಕಾಲಿಕತೆ ಇದೆ, ತನ್ನ ಕೆಲಸ ತಾನೇ ಮಾಡಿಕೊಳ್ಳುವ ಧ್ವನಿ ಇದೆ, ಕಷ್ಟವನ್ನು ಒಪ್ಪಿಕೊಂಡೇ ಹೊರಟ ಹುರುಪೂ ಇದೆ. ಈ ಹೋಲಿಕೆ ಬರಿಯ ಭಾವನೆಯದಲ್ಲ. ಕಡಿಮೆ ಬಾಡಿಗೆಯ ವಸತಿಗಳಿಂದ ಹಣ ಮಾಡಿದ ಅಮೆರಿಕದ ರಾಬರ್ಟ್ ಬಿಗೆಲೋ ಕಕ್ಷೆಯ ವಸತಿಗಾಗಿ ನಂಬಿದ್ದು ಮಡಚಿ ಒಯ್ದು ಅಲ್ಲಿ ಉಬ್ಬಿಸುವ, ಪದರಪದರ ಬಟ್ಟೆಗೋಡೆಯ ಕೋಣೆಗಳನ್ನು. ಅವರ ಕಂಪನಿಯ ಜೆನಿಸಿಸ್ ಹೆಸರಿನ ಎರಡು ಕೋಣೆಗಳು 2006 ಮತ್ತು 2007ರಲ್ಲಿ ಜನರಿಲ್ಲದೆ ಕಕ್ಷೆ ಸೇರಿದವು. ಮೂರನೆಯದನ್ನು 2016ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಜೋಡಿಸಲಾಯಿತು. ಅದು ಚೆನ್ನಾಗಿಯೇ ತಾಳಿಕೊಂಡು, ಕೊನೆಗೆ ಸಾಮಾನು ತುಂಬಿಡುವ ಉಗ್ರಾಣವಾಯಿತು. 2020ರಲ್ಲಿ ಕಂಪನಿ ತನ್ನ ಸಿಬ್ಬಂದಿಯನ್ನೆಲ್ಲ ಮನೆಗೆ ಕಳುಹಿಸಿತು. ಹೋಟೆಲು ತೆರೆಯಲಿಲ್ಲ, ಡೇರೆಯಂತೂ ಗಟ್ಟಿಯಾಗಿ ನಿಂತಿತು.

(‘ನಿಲ್ದಾಣ’ ಎಂಬ ಪದವೂ ಇಲ್ಲಿ ವಿಚಿತ್ರವೇ. ಗಂಟೆಗೆ ಸುಮಾರು 28,000 ಕಿ.ಮೀ. ಓಡುವ, ಎಂದೂ ನಿಲ್ಲದ ವಸ್ತುವಿಗೆ ಆ ಹೆಸರು. ಆದರೆ ಅದು ಬೇರೂರಿ ಹೋಗಿದೆ, ಅದರ ತಂಟೆಗೆ ಹೋಗುವುದಿಲ್ಲ.)

ಎರಡನೆಯ ಪ್ರಶ್ನೆ, ಅಲ್ಲಿಗೆ ಹೋಗುವವರನ್ನು ಏನೆನ್ನಬೇಕು? ಅಮೆರಿಕದ ಉದ್ಯಮಿ ಡೆನಿಸ್ ಟಿಟೊ 2001ರ ಏಪ್ರಿಲ್‌ನಲ್ಲಿ ರಷ್ಯಾದ ಸೊಯೂಜ್ ನೌಕೆಯಲ್ಲಿ ಸ್ವಂತ ಹಣದಿಂದ ಹೋಗಿ ಎಂಟು ದಿನದಷ್ಟು ಕಾಲ ಕಳೆದು ಬಂದಾಗಿನಿಂದ ‘ಬಾಹ್ಯಾಕಾಶ ಪ್ರವಾಸಿ’ ಎಂಬ ಮಾತು ಓಡಾಡುತ್ತಿದೆ. 2006ರಲ್ಲಿ ಹಾಗೆಯೇ ಹೋದ ಉದ್ಯಮಿ ಅನೂಷೆ ಅನ್ಸಾರಿ ‘ಟೂರಿಸ್ಟ್’ ಎನ್ನಿಸಿಕೊಳ್ಳಲು ಒಪ್ಪಲಿಲ್ಲ. ತಿಂಗಳುಗಟ್ಟಲೆ ತರಬೇತಿ ಪಡೆದು ಹೋದವರಿಗೆ, ಕ್ಯಾಮೆರಾ ನೇತುಹಾಕಿಕೊಂಡು ಅಡ್ಡಾಡುವವರ ಹೆಸರು ಹಿಡಿಸದೇ ಇರುವುದು ಸಹಜ. ಸರ್ಕಾರಿ ದಾಖಲೆಗಳು ‘ಯಾನದಲ್ಲಿ ಭಾಗವಹಿಸುವವರು’ ಎಂಬ ಅರ್ಥದ ಸಪ್ಪೆ ಮಾತನ್ನು ಹಿಡಿದಿವೆ, ಕಂಪನಿಗಳು ‘ಖಾಸಗಿ ಗಗನಯಾತ್ರಿ’ ಎನ್ನುತ್ತವೆ. 1967ರ ಬಾಹ್ಯಾಕಾಶ ಒಪ್ಪಂದವಂತೂ ಗಗನಯಾತ್ರಿಗಳನ್ನು ಮನುಕುಲದ ದೂತರೆಂದು ಪರಿಗಣಿಸಬೇಕು ಎನ್ನುತ್ತದೆ. ರಜೆಗೆ ಹೋದವರಿಗೆ ಅಷ್ಟು ದೊಡ್ಡ ಪಟ್ಟ ಬೇಡ.

ಇಲ್ಲಿ ನಮ್ಮ ‘ಪ್ರವಾಸಿ’ಗೆ ಆ ಕಳಂಕವಿಲ್ಲ ಎನ್ನುವುದು ನನ್ನ ವಾದ. ಪ್ರವಾಸದೊಳಗೆ ‘ವಾಸ’ ಇದೆ, ಮನೆಯಿಂದ ದೂರ ಇರುವುದೇ ಅದರ ಮೂಲಾರ್ಥ. ಕಕ್ಷೆಗೆ ಹೋದವರು ಯಾವ ಊರನ್ನೂ ನೋಡುವುದಿಲ್ಲ, ಯಾವ ನೆಲವನ್ನೂ ಮೆಟ್ಟುವುದಿಲ್ಲ. ಮನೆಯಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ ವಾಸವಿರುತ್ತಾರೆ, ಅಷ್ಟೇ. ‘ಗಗನಯಾತ್ರಿ’ಯನ್ನು ವೃತ್ತಿಯವರಿಗೆ ಬಿಟ್ಟುಕೊಡಬಹುದು. 2025ರಲ್ಲಿ ಶುಭಾಂಶು ಶುಕ್ಲಾ ಖಾಸಗಿ ಕಂಪನಿಯೊಂದು ಏರ್ಪಡಿಸಿದ ಯಾನದಲ್ಲೇ ನಿಲ್ದಾಣಕ್ಕೆ ಹೋದರೂ ನೌಕೆಯ ಪೈಲಟ್ ಆಗಿದ್ದರು, ಭಾರತ ಕಳುಹಿಸಿದ ಗಗನಯಾತ್ರಿ ಆಗಿದ್ದರು. ಅವರನ್ನೂ ಟಿಕೆಟ್ ಕೊಂಡವರನ್ನೂ ಒಂದೇ ಪದದಲ್ಲಿ ಕಟ್ಟುವುದು ಓದುಗರಿಗೆ ಮಾಡುವ ಅನ್ಯಾಯ.

ಹತ್ತು ಹನ್ನೊಂದು ನಿಮಿಷದಲ್ಲಿ ಮೇಲೇರಿ ಇಳಿದುಬಿಡುವ ಯಾನಗಳಿಗೂ ‘ಪ್ರವಾಸ’ ಎನ್ನುತ್ತಿದ್ದೇವೆ. 2021ರ ಜುಲೈಯಲ್ಲಿ ಬ್ಲೂ ಆರಿಜಿನ್ ಕಂಪನಿಯ ನೌಕೆ ಹಾಗೆ ಹೋಗಿ ಬಂದಿತು. ಅಲ್ಲಿ ಕಕ್ಷೆಯೂ ಇಲ್ಲ, ವಾಸವೂ ಇಲ್ಲ. ಕಕ್ಷೆಯಲ್ಲಿ ಉಳಿಯಲು ಸೆಕೆಂಡಿಗೆ ಏಳೂವರೆ ಕಿ.ಮೀ.ಗೂ ಹೆಚ್ಚು ವೇಗ ಬೇಕು, ಮೇಲೇರಿ ಇಳಿಯಲು ಅದರ ಸಣ್ಣ ಪಾಲು ಸಾಕು. ಬೆಲೆಯಲ್ಲಿ ಇರುವ ಅಜಗಜಾಂತರಕ್ಕೂ ಇದೇ ಕಾರಣ. ಅದನ್ನು ‘ಬಾನ್‌ಜಿಗಿತ’ ಎನ್ನೋಣವೇ?

ನನ್ನನ್ನು ನಿಜವಾಗಿ ಕಾಡುತ್ತಿರುವುದು ಕ್ರಿಯಾಪದಗಳು. ಮಲಗು, ಕೂರು, ನಿಲ್ಲು, ಏಳು, ಬೀಳು, ಒರಗು, ಇವೆಲ್ಲ ತೂಕವನ್ನು ನಂಬಿಕೊಂಡ ಮಾತುಗಳು. ಕಕ್ಷೆಯಲ್ಲಿ ನಿದ್ರಿಸಬಹುದು, ಮಲಗಲಾಗದು. ‘ಮಲಗುವ ಕೋಣೆ’ ಎಂದು ಬರೆದು ಹೊಡೆದುಹಾಕಿದ್ದೇನೆ. ‘ತೇಲು’ ಎನ್ನುವುದು ರೂಢಿ, ಆದರೆ ನೀರಿನಲ್ಲಿ ತೇಲುವವರನ್ನು ನೀರು ಎತ್ತಿ ಹಿಡಿದಿರುತ್ತದೆ, ಇಲ್ಲಿ ಹಿಡಿದಿರುವುದು ಏನೂ ಇಲ್ಲ. ನೌಕೆ, ಅದರೊಳಗಿನ ಮನುಷ್ಯ, ಚಮಚ ಎಲ್ಲವೂ ಒಟ್ಟಿಗೆ ಭೂಮಿಯ ಕಡೆಗೆ ಬೀಳುತ್ತಲೇ ಇವೆ. ಅಡ್ಡ ವೇಗ ಜೋರಾಗಿರುವುದರಿಂದ ನೆಲ ಸಿಗುವುದಿಲ್ಲ. ಆದ್ದರಿಂದ ‘ಶೂನ್ಯ ಗುರುತ್ವ’ ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸೋಣ. ಆ ಎತ್ತರದಲ್ಲಿ ನೆಲದ ಗುರುತ್ವದ ಶೇಕಡಾ 90ರಷ್ಟು ಹಾಗೆಯೇ ಇರುತ್ತದೆ. ಇಲ್ಲದಿರುವುದು ತೂಕದ ಅನುಭವ ಮಾತ್ರ. ‘ನಿರ್ಭಾರ’ ನನಗೆ ಹಿಡಿಸಿದೆ, ಚಿಕ್ಕದು, ನಾಲಿಗೆಗೆ ಹಗುರ.

ಈ ನಿರ್ಭಾರವೇ ಅಲ್ಲಿನ ಮುಖ್ಯ ಆಕರ್ಷಣೆ, ಮುಖ್ಯ ಕಿರಿಕಿರಿಯೂ ಅದೇ. ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮೊದಲ ಎರಡು ಮೂರು ದಿನ ಓಕರಿಕೆ, ತಲೆಸುತ್ತು ಕಾಡುತ್ತದೆ. 2021ರಲ್ಲಿ ಖಾಸಗಿ ಪ್ರಯಾಣಿಕರೇ ಕಕ್ಷೆಗೆ ಹೋದ ಇನ್‌ಸ್ಪಿರೇಷನ್4 ಯಾನ ಸುಮಾರು ಮೂರು ದಿನದ್ದು. ಅಂಥ ರಜೆ ದೇಹ ಒಗ್ಗಿಕೊಳ್ಳುವಷ್ಟರಲ್ಲಿ ಮುಗಿದುಹೋಗುತ್ತದೆ. ತಿರುಗುವ ಚಕ್ರದಂಥ ನೆಲೆ ಕಟ್ಟಿದರೆ ತೂಕದ ಅನುಭವವನ್ನು ಮರಳಿ ತರಬಹುದು. ಎಂಜಿನಿಯರ್ ಹರ್ಮನ್ ಪೊಟೊಚ್ನಿಕ್ 1928ರಲ್ಲೇ ಅಂಥದ್ದನ್ನು ಚಿತ್ರಿಸಿ ‘ವಾಸದ ಚಕ್ರ’ ಎಂಬ ಅರ್ಥದ ಹೆಸರಿಟ್ಟಿದ್ದರು. ಆದರೆ ಚಕ್ರ ಚಿಕ್ಕದಾದರೆ ಬೇಗ ಬೇಗ ತಿರುಗಬೇಕು, ಆಗ ತಲೆ ಹೊರಳಿಸಿದರೂ ಸುತ್ತು ಬರುತ್ತದೆ. ನಿಮಿಷಕ್ಕೆ ಎರಡು ಸುತ್ತಿನಲ್ಲಿ ನೆಲದಷ್ಟೇ ತೂಕ ಬೇಕೆಂದರೆ ತ್ರಿಜ್ಯ 220 ಮೀಟರಿಗೂ ಹೆಚ್ಚಿರಬೇಕು. ಇಂದಿನ ಅಂತರರಾಷ್ಟ್ರೀಯ ನಿಲ್ದಾಣದ ಇಡೀ ಉದ್ದವೇ 109 ಮೀಟರ್. ಅಷ್ಟು ದೊಡ್ಡದನ್ನು ಕಟ್ಟಿ ನೆಲದ ತೂಕವನ್ನೇ ಮರಳಿ ಪಡೆಯುವುದಾದರೆ ಅಲ್ಲಿಗೆ ಹೋಗುವುದೇಕೆ ಎಂಬ ಪ್ರಶ್ನೆಯೂ ಉಳಿಯುತ್ತದೆ. ಕಿಟಕಿಗಾಗಿ ಎನ್ನುವವರು ಇರಬಹುದು. ತೊಂಬತ್ತು ನಿಮಿಷಕ್ಕೊಮ್ಮೆ ಭೂಮಿ ಪೂರ್ತಿ ಉರುಳಿ ಹೋಗುವುದನ್ನು ನೋಡಲು ನಾನಾದರೂ ಓಕರಿಕೆಯನ್ನು ಸಹಿಸಿಕೊಳ್ಳುತ್ತೇನೆ, ತೂಕ ಬೇಡವೇ ಬೇಡ.

ನಿಮ್ಮ ಅಭಿಪ್ರಾಯ ಬೇಕಿರುವ ಇನ್ನೆರಡು ಸಂಗತಿಗಳಿವೆ. ವಸತಿಯ ಬಾಡಿಗೆಯನ್ನು ರಾತ್ರಿಯ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಇಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ ಹದಿನಾರು ಬಾರಿ ಸೂರ್ಯ ಹುಟ್ಟಿ ಮುಳುಗುತ್ತಾನೆ. ‘ತಂಗು’ ಎಂಬ ಕ್ರಿಯಾಪದದಲ್ಲಿ ರಾತ್ರಿಯ ಛಾಯೆ ಎಷ್ಟು ಗಾಢವಾಗಿದೆ? ‘ಹತ್ತು ದಿನ ತಂಗಿದರು’ ಎಂದರೆ ಕಿವಿಗೆ ಒರಟಾಗುತ್ತದೆಯೇ? ಅವಧಿ ಹೇಳಿದಂತೆ ನಡೆಯುವುದೂ ಇಲ್ಲ. 2022ರ ಏಪ್ರಿಲ್‌ನಲ್ಲಿ ಆಕ್ಸಿಯಂ ಎಂಬ ಖಾಸಗಿ ಕಂಪನಿಯ ಮೊದಲ ತಂಡ ಹತ್ತು ದಿನಕ್ಕೆಂದು ನಿಲ್ದಾಣಕ್ಕೆ ಹೊರಟು, ಇಳಿಯುವ ಕಡಲಿನಲ್ಲಿ ಹವಾಮಾನ ಕೂಡಿಬರದೆ ಹದಿನೇಳು ದಿನಕ್ಕೆ ಮರಳಿತು. ಹೀಗೆ ಉಳಿಯಬೇಕಾಗಿ ಬಂದದ್ದಕ್ಕೆ ‘ತಂಗು’ ಸಾಲದು, ‘ಸಿಕ್ಕಿಕೊಳ್ಳು’ ಅತಿಯಾಯಿತು.

ಇನ್ನೊಂದು ಪ್ರಶ್ನೆ ಶಾಸನಗಳನ್ನು ಓದಿದವರಿಗೆ. ರಾಜರು ‘ನೆಲೆವೀಡಿನೊಳ್’ (ನೆಲೆಸಿದ ಬೀಡಿನಲ್ಲಿ) ಸುಖದಿಂದ ರಾಜ್ಯವಾಳುತ್ತಿದ್ದರು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಬಿಡಾರಕ್ಕಿಂತ ಒಂದು ತೂಕ ಹೆಚ್ಚಿನ, ಬೀಡೂ ಆಗಿರುವ ನೆಲೆಯೂ ಆಗಿರುವ ಈ ಪದವನ್ನು ಮುಂದೆ ಜನ ವರ್ಷಗಟ್ಟಲೆ ಇರುವಂಥ ಕಕ್ಷಾನೆಲೆಗಳಿಗೆ ಮೀಸಲಿಟ್ಟು, ವಾರ ಕಳೆದು ಬರುವ ಜಾಗಕ್ಕೆ ಬಿಡಾರವನ್ನು ಉಳಿಸಿಕೊಂಡರೆ ಹೇಗೆ? ನೆಲವೇ ಇಲ್ಲದ ಕಡೆ ‘ನೆಲೆ’ ಹೇಗೆ ಎಂಬ ಆಕ್ಷೇಪ ಬಂದೇ ಬರುತ್ತದೆ ಎಂದು ಗೊತ್ತು, ಅದಕ್ಕೆ ಉತ್ತರವಿರುವವರು ಮೊದಲು ಬರೆಯಿರಿ.