ಆಯಿಲ್ ಬದಲಿಸಿದ ಮರುದಿನದಿಂದ ಮಾರುತಿ 800ರಲ್ಲಿ ಕಟಕಟ ಸದ್ದು, ಇಂಜಿನ್ ಇಳಿಸಲೇಬೇಕಾ?

ನಿಟುವಳ್ಳಿ ಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2003ರ ಮಾರುತಿ 800 ಇದೆ. ಅಪ್ಪ ಕೊಂಡ ಮೊದಲ ಕಾರು, ಇವತ್ತಿಗೂ ಅದೊಂದೇ. 1,38,000 ಕಿಲೋಮೀಟರ್ ಓಡಿದೆ. ಅಮ್ಮನನ್ನು ತಿಂಗಳಿಗೊಮ್ಮೆ ಚಿತ್ರದುರ್ಗಕ್ಕೆ, ಅಜ್ಜಿ ಮನೆಗೆ ಕರೆದುಕೊಂಡು ಹೋಗುವುದು ಇದರಲ್ಲೇ.

ಹೋದ ಭಾನುವಾರ ಊರಿನ ಒಂದು ಗ್ಯಾರೇಜಿನಲ್ಲಿ ಆಯಿಲ್, ಫಿಲ್ಟರ್ ಎರಡೂ ಬದಲಿಸಿದೆವು. ಸೋಮವಾರ ಬೆಳಿಗ್ಗೆ ಚಾವಿ ತಿರುಗಿಸಿದ ಕೂಡಲೇ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟಕಟ ಅಂತ ಸದ್ದು. 4-5 ಸೆಕೆಂಡ್, ಸರಿಯಾಗಿ ಆಯಿಲ್ ದೀಪ ಆರುವ ತನಕ. ಆಮೇಲೆ ಸದ್ದು ಇಳಿಯುತ್ತದೆ, ಆದರೆ ಹೊಲಿಗೆ ಮಿಷನ್ ತರಹ ಟಿಕ್ ಟಿಕ್ ಅನ್ನೋದು ಉಳಿದುಬಿಡುತ್ತದೆ. ಮೊದಲು ದೀಪ ಸ್ಟಾರ್ಟ್ ಆದ ತಕ್ಷಣ ಆರುತ್ತಿತ್ತು.

ಅದೇ ಗ್ಯಾರೇಜಿಗೆ ವಾಪಸ್ ಹೋದೆವು. ಬಾನೆಟ್ ಎತ್ತಿ ಅರ್ಧ ನಿಮಿಷ ಕೇಳಿ, "ಬೋರ್ ಹೋಗೈತೆ ಸರ್, ಇಂಜಿನ್ ಇಳಿಸ್ಬೇಕು" ಅಂದರು. ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ ಸವೆದಿದೆಯಂತೆ. 25 ಸಾವಿರ ಖರ್ಚಂತೆ. ಅಪ್ಪ ಏನೂ ಮಾತಾಡಲಿಲ್ಲ. ಮನೆಗೆ ಬಂದು ಕಾರಿಗೆ ಕವರ್ ಹೊದಿಸಿಬಿಟ್ಟರು. ಅದನ್ನು ನೋಡಿ ನನಗೆ ಬಹಳ ಬೇಜಾರಾಯಿತು.

ಶನಿವಾರ ಚೆನ್ನಾಗಿದ್ದ ಇಂಜಿನ್ ಸೋಮವಾರಕ್ಕೆ ಬೋರ್ ಹೋಗುತ್ತದಾ? ತಿಳಿದವರು ಹೇಳಿ.

ಹೊಳಲ್ಕೆರೆ ಓಮ್ನಿ

ನನ್ನ ಓಮ್ನಿಯಲ್ಲೂ ಇದೇ 796 ಸಿಸಿ, ಮೂರು ಸಿಲಿಂಡರ್ ಇಂಜಿನ್. ಹಳೇ ಗಾಡಿಗೆ ತೆಳು ಆಯಿಲ್ ಹಾಕಿದರೆ ಸದ್ದು ಜಾಸ್ತಿ ಬ್ರದರ್. 20ಡಬ್ಲ್ಯೂ-50 ಅನ್ನೋ ದಪ್ಪ ಆಯಿಲ್ ಹಾಕಿಸಿ ನೋಡಿ, ಸದ್ದು ತಗ್ಗುತ್ತೆ.

ದುರ್ಗದ ಮೆಕ್ಯಾನಿಕ್

ತಮ್ಮಾ, ಇಂಜಿನ್ ಇಳಿಸೋ ಮಾತು ಈಗಲೇ ಬೇಡ. ಬೋರ್ ಒಂದು ರಾತ್ರಿಯಲ್ಲಿ ಹೋಗಲ್ಲ. ಹೋಗಿದ್ದರೆ ತಿಂಗಳುಗಟ್ಟಲೆ ಮುಂಚೆಯೇ ಆಯಿಲ್ ಕುಡಿಯುತ್ತಿತ್ತು, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತಿತ್ತು. ನೀನು ಎರಡೂ ಹೇಳಿಲ್ಲ. ಭಾನುವಾರ ಯಾವ ಯಾವ ಜಾಗಕ್ಕೆ ಕೈ ಹಾಕಿದರು? ಆಯಿಲ್, ಫಿಲ್ಟರ್, ಡ್ರೈನ್ ಬೋಲ್ಟ್. ಅಲ್ಲಿಂದಲೇ ಹುಡುಕು.

ದೀಪ 4-5 ಸೆಕೆಂಡ್ ಉರಿಯುತ್ತೆ ಅಂದೆಯಲ್ಲ, ನನಗೆ ಅದೇ ದೊಡ್ಡ ಸುಳಿವು. ಫಿಲ್ಟರ್‌ನ ಬಾಯಿ ನೋಡು. ನಡುವೆ ದೊಡ್ಡ ತೂತು, ಸುತ್ತ ಸಣ್ಣ ತೂತುಗಳು. ಸಣ್ಣ ತೂತುಗಳ ಒಳಗೆ ತೆಳು ರಬ್ಬರ್ ಬಿಲ್ಲೆ ಇರುತ್ತದೆ. ಆಯಿಲ್ ಒಳಗೆ ಹೋಗಲು ಬಿಡುತ್ತದೆ, ಇಂಜಿನ್ ಆಫ್ ಆದಾಗ ವಾಪಸ್ ಹರಿಯಲು ಬಿಡಲ್ಲ. ಫಿಲ್ಟರ್ ಅಡ್ಡ ಮಲಗಿದಂತೆ ಕೂರುವ ಗಾಡಿಗಳಲ್ಲಿ ಈ ರಬ್ಬರ್ ಸರಿ ಇರಲೇಬೇಕು. ಅಗ್ಗದ ಫಿಲ್ಟರ್‌ಗಳಲ್ಲಿ ಅದು ಗಟ್ಟಿ ಪ್ಲಾಸ್ಟಿಕ್ ತರಹ ಇರುತ್ತದೆ, ಕಚ್ಚಿಕೊಂಡು ಕೂರಲ್ಲ. ರಾತ್ರಿಯೆಲ್ಲ ಆಯಿಲ್ ಕೆಳಗೆ ಚೇಂಬರ್‌ಗೆ, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿದುಹೋಗುತ್ತದೆ. ಬೆಳಿಗ್ಗೆ ಪಂಪ್ ಮೊದಲು ಖಾಲಿ ಫಿಲ್ಟರ್ ತುಂಬಬೇಕು, ಆಮೇಲೆ ಮೇಲಕ್ಕೆ ಕಳಿಸಬೇಕು. ಅಷ್ಟು ಹೊತ್ತು ಲೋಹಕ್ಕೆ ಲೋಹ ಬಡಿಯುತ್ತೆ.

ನೀನೇ ಪರೀಕ್ಷೆ ಮಾಡಬಹುದು. ರಾತ್ರಿ ಗಾಡಿ ನಿಲ್ಲಿಸು. ಬೆಳಿಗ್ಗೆ ಸ್ಟಾರ್ಟ್ ಮಾಡದೆ ಫಿಲ್ಟರ್ ಬಿಚ್ಚಿ ಒಂದು ಬೋಗುಣಿಗೆ ಬಗ್ಗಿಸು. ಒಳ್ಳೆ ಫಿಲ್ಟರ್ ಆದರೆ ಸಾಕಷ್ಟು ಆಯಿಲ್ ಇರಬೇಕು. ಬರಿದಾಗಿದ್ದರೆ ಕಳ್ಳ ಸಿಕ್ಕ.

ಬಿಚ್ಚುವ ಮುಂಚೆ ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ನೋಡು. ಎಷ್ಟು ಲೀಟರ್ ಹಾಕಿದರು ಅಂತ ಬಿಲ್ಲೂ ನೋಡು. ಜಾಸ್ತಿ ಆದರೂ ಕೆಡುಕೇ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡ ಆಯಿಲ್‌ಗೆ ಬಡಿದು ಮಜ್ಜಿಗೆ ಕಡೆದ ಹಾಗೆ ನೊರೆ ಎಬ್ಬಿಸುತ್ತೆ. ನೊರೆಯಲ್ಲಿ ಗಾಳಿ ಇರುತ್ತೆ, ಗಾಳಿ ಆ ದಂಡ ಕೂರುವ ಬೇರಿಂಗ್ ಕಾಯಲ್ಲ.

ಇನ್ನು ಟಿಕ್ ಟಿಕ್. ಉದ್ದನೆ ಸ್ಕ್ರೂ ಡ್ರೈವರ್ ತುದಿಯನ್ನು ಟ್ಯಾಪೆಟ್ ಕವರ್ (ಇಂಜಿನ್ ತಲೆಯ ಮುಚ್ಚಳ) ಮೇಲೆ ಇಟ್ಟು ಹಿಡಿಗೆ ಕಿವಿ ಕೊಡು. ಫ್ಯಾನ್‌ನಿಂದ ದೂರ ಇರು, ಅದು ಕರೆಂಟಿನದು, ಯಾವಾಗ ಬೇಕಾದರೂ ತಿರುಗುತ್ತೆ. ವಾಲ್ವ್ ತೆರೆಸುವ ಕ್ಯಾಮ್ ತಿರುಗೋದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಇಂಜಿನ್ 800 ಸುತ್ತು ತಿರುಗುತ್ತಿದ್ದರೆ ಒಂದು ವಾಲ್ವ್ ನಿಮಿಷಕ್ಕೆ 400 ಸಲ ಬಡಿಯುತ್ತೆ. ಆ ಸಣ್ಣ ಸದ್ದು ಮೇಲಿನಿಂದ ಬಂದರೆ ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ ಭಾಗದ ಗ್ಯಾಪ್. ಕೆಳಗಿನಿಂದ ದಬದಬ ಅಂತ ಬಂದು, ಏರು ಹತ್ತುವಾಗ ಇನ್ನೂ ಜೋರಾದರೆ ಬೇರಿಂಗ್. ಹಾಗಿದ್ದರೆ ಓಡಿಸಲೇಬೇಡ. ಓಡುವಾಗ ಆಯಿಲ್ ದೀಪ ಹತ್ತಿದರೂ ಅಷ್ಟೇ, ನಿಂತಲ್ಲೇ ಆಫ್ ಮಾಡು.

ಹೊಳಲ್ಕೆರೆ ಅಣ್ಣ, ದಪ್ಪ ಆಯಿಲ್ ಹಾಕಿದರೆ ಸದ್ದು ತಗ್ಗಬಹುದು, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ತಣ್ಣಗಿದ್ದಾಗ ಅದು ಮೇಲೇರಲು ಇನ್ನೂ ತಡ ಮಾಡುತ್ತೆ. ಈ ಹುಡುಗನ ಗಾಡಿಗೆ ಬೇಕಿರೋದು ಬೇಗ ತಲುಪುವ ಆಯಿಲ್.

ಕೆಟಿಜೆ ನಗರ

ಇಂಜಿನ್‌ನಿಂದ ಹೊಗೆ ಹೊರತರುವ ಸೈಲೆನ್ಸರ್ ಮ್ಯಾನಿಫೋಲ್ಡ್‌ನ ಬೋಲ್ಟ್ ಸಡಿಲ ಆದರೂ ಥೇಟ್ ಟ್ಯಾಪೆಟ್ ತರಹವೇ ಚಟ್ ಚಟ್ ಅನ್ನುತ್ತೆ. ನಾನು ಅದನ್ನು ತಿಳಿಯದೆ ಸುಮ್ನೆ ಎರಡು ಸಲ ಟ್ಯಾಪೆಟ್ ಮಾಡಿಸಿದ್ದೆ. ಜಾಯಿಂಟಿನ ಹತ್ತಿರ ಕಪ್ಪು ಮಸಿ ಇದೆಯಾ ನೋಡಿ.

ನಿಟುವಳ್ಳಿ ಹುಡುಗ

ಅಣ್ಣಾ, ನೀವು ಹೇಳಿದ ಹಾಗೇ ಮಾಡಿದೆ.

ಮೊದಲು ಡಿಪ್‌ಸ್ಟಿಕ್. ಒರೆಸಿ ಮತ್ತೆ ಅದ್ದಿ ತೆಗೆದರೆ ಮೇಲಿನ ಗೆರೆ ದಾಟಿ ಒಂದು ಬೆರಳಿನಷ್ಟು ಮೇಲೆ ಆಯಿಲ್ ಇತ್ತು. ಬಿಲ್ಲಿನಲ್ಲಿ ಮೂರೂವರೆ ಲೀಟರ್ ಡಬ್ಬ ಅಂತ ಇದೆ. ಪೂರ್ತಿ ಸುರಿದಿದ್ದಾರೆ.

ಆಮೇಲೆ ಫಿಲ್ಟರ್. ಬೆಳಿಗ್ಗೆ 6 ಗಂಟೆಗೆ ಅಪ್ಪ ಟಾರ್ಚ್ ಹಿಡಿದುಕೊಂಡರು, ನಾನು ಬಿಚ್ಚಿದೆ. ಕೈಗೆ ಬಂದಾಗಲೇ ಹಗುರ ಅನ್ನಿಸಿತು. ಸ್ಟೀಲ್ ಬೋಗುಣಿಗೆ ಬಗ್ಗಿಸಿದರೆ ಎರಡು ಚಮಚ ಆಯಿಲ್ ಬಿತ್ತು, ಅಷ್ಟೇ. ಬೆಂಕಿಕಡ್ಡಿಯಿಂದ ಒಳಗಿನ ರಬ್ಬರ್ ಒತ್ತಿದೆ. ಒತ್ತಿದ ಕಡೆ ಹಾಗೇ ತಗ್ಗಾಗಿ ನಿಂತಿತು, ವಾಪಸ್ ಬರಲಿಲ್ಲ. ಕಂಪನಿಯ ಒರಿಜಿನಲ್ ಫಿಲ್ಟರ್ ತಂದು ಅದರ ರಬ್ಬರ್ ಒತ್ತಿದರೆ ಬೆರಳು ತೆಗೆದ ಕೂಡಲೇ ಟಪ್ ಅಂತ ಮುಚ್ಚಿಕೊಳ್ಳುತ್ತದೆ. ಅಪ್ಪನೂ ಎರಡು ಸಲ ಒತ್ತಿ ನೋಡಿದರು.

ಡ್ರೈನ್ ಬೋಲ್ಟ್ ಸಡಿಲಿಸಿ ಮುಕ್ಕಾಲು ಲೀಟರ್ ಹತ್ತಿರ ತೆಗೆದೆ. ಹೊಸ ಫಿಲ್ಟರ್‌ನಲ್ಲಿ ಸ್ವಲ್ಪ ಆಯಿಲ್ ತುಂಬಿ, ವಾಷರ್‌ಗೆ ಸವರಿ, ಕೈಯಿಂದಲೇ ಬಿಗಿ ಮಾಡಿದೆ. ಈಗ ಮೂರು ದಿನದಿಂದ ಬೆಳಿಗ್ಗೆ ಕಟಕಟ ಇಲ್ಲ. ದೀಪ ಒಂದು ಸೆಕೆಂಡಿಗೇ ಆರುತ್ತದೆ. ಟಿಕ್ ಟಿಕ್ ಮಾತ್ರ ಇನ್ನೂ ಸಣ್ಣಗೆ ಇದೆ. ಸ್ಕ್ರೂ ಡ್ರೈವರ್ ಇಟ್ಟು ಕೇಳಿದೆ, ಮೇಲಿನಿಂದಲೇ ಬರುತ್ತದೆ. ಮ್ಯಾನಿಫೋಲ್ಡ್ ಹತ್ತಿರ ಮಸಿ ಇಲ್ಲ. ಅಣ್ಣಾ, ನಿಮ್ಮ ಹತ್ತಿರವೇ ಟ್ಯಾಪೆಟ್ ಮಾಡಿಸಬಹುದಾ? ಶನಿವಾರ ಬರಲಾ?

ದುರ್ಗದ ಮೆಕ್ಯಾನಿಕ್

ಬಾ ತಮ್ಮಾ. ಆದರೆ ಟ್ಯಾಪೆಟ್ ಗ್ಯಾಪನ್ನು ನಾನು ಇಂಜಿನ್ ತಣ್ಣಗಿದ್ದಾಗಲೇ ಫೀಲರ್ ಗೇಜ್ (ತೆಳು ಅಳತೆ ಪಟ್ಟಿ) ಇಟ್ಟು ಅಳೆಯೋದು. ದಾವಣಗೆರೆಯಿಂದ 60 ಕಿಲೋಮೀಟರ್ ಓಡಿಸಿಕೊಂಡು ಬಂದರೆ ಚೆನ್ನಾಗಿ ಕಾದಿರುತ್ತೆ. ಶುಕ್ರವಾರ ಸಂಜೆಯೇ ಬಂದು ಗಾಡಿ ನನ್ನ ಹತ್ತಿರ ಬಿಡು. ರಾತ್ರಿ ಅಜ್ಜಿ ಮನೆಯಲ್ಲಿ ಮಲಗು. ಬೆಳಿಗ್ಗೆ ಯಾರೂ ಸ್ಟಾರ್ಟ್ ಮಾಡೋ ಮುಂಚೆ ಟ್ಯಾಪೆಟ್ ಕವರ್ ಬಿಚ್ಚೋಣ. ಪೂರ್ತಿ ನಿಶ್ಶಬ್ದ ಮಾಡಿಕೊಡಿ ಅಂತ ಮಾತ್ರ ಕೇಳಬೇಡ. ಜಾಸ್ತಿ ಬಿಗಿ ಮಾಡಿದರೆ ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತೆ. ಸ್ವಲ್ಪ ಟಿಕ್ ಇರಲಿ.

ನಿಟುವಳ್ಳಿ ಹುಡುಗ

ಆಗಲಿ ಅಣ್ಣಾ, ಶುಕ್ರವಾರ 6 ಗಂಟೆಗೆ ಅಲ್ಲಿರುತ್ತೇವೆ. ಅಪ್ಪನೂ ಬರುತ್ತಾರೆ. ಕಾರಿನ ಕವರ್ ಮಡಚಿ ಅಟ್ಟದ ಮೇಲೆ ಇಟ್ಟಿದ್ದಾರೆ.