ಎಕ್ಸ್-ವಿಂಗ್ ಆಟದ ಟೆಂಪ್ಲೇಟುಗಳ ಅಳತೆ ಕೂಡುತ್ತಿಲ್ಲ, ನೌಕೆಯ ಕಡ್ಡಿಗಳು ಮುರಿಯುತ್ತಿವೆ: ಊರಿನಲ್ಲೇ ಸರಿಯಾಗಿ ಮಾಡಿಸುವುದು ಹೇಗೆ?

ಪ್ರಶ್ನೆ: ಗುತ್ತಲು ರಸ್ತೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಗೆಳೆಯರು ಮಂಡ್ಯದ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರಗಳಂದು ಸ್ಟಾರ್ ವಾರ್ಸ್ ಎಕ್ಸ್-ವಿಂಗ್ ಆಡುತ್ತೇವೆ. ಪುಟ್ಟ ಅಂತರಿಕ್ಷ ನೌಕೆಗಳ ಮಾದರಿಗಳನ್ನು ಮೇಜಿನ ಮೇಲೆ ನಡೆಸಿ ಕಾದಾಡಿಸುವ ಆಟ ಇದು. ಈ ಆಟ ಮೊದಲು ಬಂದದ್ದು 2012ರಲ್ಲಿ. ನಮ್ಮಲ್ಲಿರುವುದು 2018ರ ಎರಡನೆಯ ಆವೃತ್ತಿ. 2024ರಲ್ಲಿ ಪ್ರಕಾಶಕರು ಈ ಆಟದ ಮುಂದಿನ ಬೆಳವಣಿಗೆಯನ್ನು ನಿಲ್ಲಿಸಿರುವುದರಿಂದ ಹೊಸ ಪರಿಕರಗಳಿಗಾಗಿ ಕಾಯುವುದರಲ್ಲಿ ಅರ್ಥವಿಲ್ಲವೆಂದು ತೀರ್ಮಾನಿಸಿ, ಬೇಕಾದುದನ್ನು ನಾವೇ ಮಾಡಿಸಿಕೊಳ್ಳಲು ಹೊರಟಿದ್ದೇವೆ. ಪೆಟ್ಟಿಗೆಯ ಜೊತೆ ಬಂದ ರಟ್ಟಿನ ಟೆಂಪ್ಲೇಟುಗಳ (ನೌಕೆ ಸಾಗುವ ದೂರ ಮತ್ತು ತಿರುವನ್ನು ಅಳೆಯುವ ಪಟ್ಟಿಗಳ) ಅಂಚು ಬಿಚ್ಚಿಕೊಂಡು, ಪದರ ಪದರವಾಗಿ ಏಳುತ್ತಿದೆ.

ಆಟ ತಿಳಿಯದವರಿಗೆ ಒಂದು ಮಾತು. ನೌಕೆ ಎಷ್ಟು ದೂರ, ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ಆಟಗಾರ ಮೊದಲೇ ಗುಟ್ಟಾಗಿ ತಿರುಗುಬಿಲ್ಲೆಯಲ್ಲಿ ಗುರುತು ಮಾಡಿರುತ್ತಾನೆ. ಆಮೇಲೆ ನೌಕೆಯ ಬೇಸಿನ (ಅದು ನಿಲ್ಲುವ ತಳದ) ಮುಂಭಾಗದ ಎರಡು ಗುಬುಟುಗಳ ನಡುವೆ ಟೆಂಪ್ಲೇಟನ್ನು ಕೂರಿಸಿ, ನೌಕೆಯನ್ನು ಎತ್ತಿ ಅದರ ಇನ್ನೊಂದು ತುದಿಗೆ ಇಡಬೇಕು. ಹಾಗಾಗಿ ಟೆಂಪ್ಲೇಟಿನ ಅಳತೆ ತಪ್ಪಿದರೆ ಆಟವೇ ತಪ್ಪುತ್ತದೆ.

ನಾನು ಅಂತರ್ಜಾಲದಿಂದ ಟೆಂಪ್ಲೇಟುಗಳ ಮತ್ತು ಗುರಿಯ ದೂರ ಅಳೆಯುವ ರೇಂಜ್ ರೂಲರಿನ ಚಿತ್ರವನ್ನು ಇಳಿಸಿಕೊಂಡು, ಕಾಗದದ ಮೇಲೆ ಮುದ್ರಿಸಿ, ಟ್ರೋಫಿ ಮತ್ತು ನಾಮಫಲಕ ಮಾಡುವ ಒಂದು ಅಂಗಡಿಗೆ ಕೊಟ್ಟೆ. ಅವರು ಅದನ್ನು ಸ್ಕ್ಯಾನ್ ಮಾಡಿ 3 ಮಿ.ಮೀ. ದಪ್ಪದ ಪಾರದರ್ಶಕ ಅಕ್ರಿಲಿಕ್ಕಿನಲ್ಲಿ ಲೇಸರ್ ಕಟಿಂಗ್ ಮಾಡಿಕೊಟ್ಟರು. ನೋಡಲು ಬಹಳ ಚೆನ್ನಾಗಿವೆ. ಆದರೆ ಬೇಸಿನ ಗುಬುಟುಗಳ ನಡುವೆ ಸಡಿಲವಾಗಿ ಅಲುಗಾಡುತ್ತವೆ, ಗೆಳೆಯನ ಮೂಲ ರೂಲರಿನ ಪಕ್ಕ ಇಟ್ಟರೆ ನನ್ನದು ಸ್ಪಷ್ಟವಾಗಿ ಗಿಡ್ಡ. ವರ್ನಿಯರ್ ಹಿಡಿದು ನೋಡಿದಾಗ ಟೆಂಪ್ಲೇಟಿನ ಅಗಲ 18.8 ಮಿ.ಮೀ. ಬಂತು. ರೂಲರಿನ ಉದ್ದ ಸ್ಟೀಲ್ ಸ್ಕೇಲಿನಲ್ಲಿ 285 ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ. ಕಳೆದ ವಾರ ನನ್ನ ರೂಲರಿನ ಪ್ರಕಾರ ಗುರಿಗೆ ಸಿಗದ ನೌಕೆ ಗೆಳೆಯನ ರೂಲರಿನ ಪ್ರಕಾರ ಸಿಕ್ಕಿ, ಆಟವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಕೈಗುರುತು ಹೋಗಲೆಂದು ಸ್ಪಿರಿಟ್ ಹಾಕಿ ಒರೆಸಿದ ಮರುದಿನ ಅಂಚುಗಳಲ್ಲೆಲ್ಲ ಸಣ್ಣ ಸಣ್ಣ ಬಿರುಕುಗಳು ಮೂಡಿವೆ.

ಇನ್ನೊಂದು ತೊಂದರೆ ನೌಕೆಯನ್ನು ಎತ್ತಿ ಹಿಡಿಯುವ ಪಾರದರ್ಶಕ ಕಡ್ಡಿಗಳದ್ದು. ಎರಡು ಕಡ್ಡಿಗಳ ತುದಿ ನೌಕೆಯ ಹೊಟ್ಟೆಯೊಳಗೇ ಮುರಿದು ಕೂತಿದೆ. ಇವುಗಳಿಗೆ ಪರಿಹಾರವೇನೆಂದು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹೆಬ್ಬಾಳ್ ವರ್ಕ್‌ಶಾಪ್ (ಮೈಸೂರು)

ಸರ್, ನೀವು ವರ್ನಿಯರ್ ಹಿಡಿದು ಅಳತೆ ಕೊಟ್ಟಿರುವುದರಿಂದ ತಪ್ಪು ಎಲ್ಲಿ ಆಗಿದೆಯೆಂದು ಇಲ್ಲಿಂದಲೇ ಹೇಳಬಹುದು. ಮೂಲ ರೂಲರಿನಲ್ಲಿ ತಲಾ 100 ಮಿ.ಮೀ.ಯ ಮೂರು ಭಾಗಗಳಿದ್ದು, ಒಟ್ಟು ಉದ್ದ 300 ಮಿ.ಮೀ. ಎ4 ಕಾಗದದ ಉದ್ದ 297 ಮಿ.ಮೀ. ಮಾತ್ರ. ಅಂದರೆ ಆ ರೂಲರ್ ಎ4 ಹಾಳೆಯ ಉದ್ದಕ್ಕೆ ಹಿಡಿಸುವುದೇ ಇಲ್ಲ. ಮುದ್ರಣ ಯಂತ್ರ ಎರಡೂ ಕಡೆ ಸುಮಾರು 6 ಮಿ.ಮೀ. ಅಂಚು ಬಿಟ್ಟು, ಉಳಿದ 285 ಮಿ.ಮೀ.ಯೊಳಗೆ ಇಡೀ ಚಿತ್ರವನ್ನು ಕುಗ್ಗಿಸಿ ಕೂರಿಸಿದೆ. 300ಕ್ಕೆ 285 ಎಂದರೆ ಶೇಕಡಾ 95. ಅದೇ ಲೆಕ್ಕದಲ್ಲಿ 20 ಮಿ.ಮೀ. ಅಗಲವಿರಬೇಕಾದ ಟೆಂಪ್ಲೇಟ್ 19 ಮಿ.ಮೀ.ಗೆ ಇಳಿಯಿತು. ಮಿಕ್ಕ 0.2 ಮಿ.ಮೀ.ಯನ್ನು ಲೇಸರ್ ಸುಟ್ಟು ತೆಗೆದಿದೆ. ನಿಮ್ಮ 18.8 ಬಂದದ್ದು ಹೀಗೆ. ಅಂಗಡಿಯವರು ನೀವು ಕೊಟ್ಟದ್ದನ್ನೇ ಕತ್ತರಿಸಿದ್ದಾರೆ. ತಪ್ಪು ಮುದ್ರಿಸುವಾಗಲೇ ಆಗಿತ್ತು.

ಲೇಸರ್ ಕತ್ತರಿಸುವಾಗ ಗರಗಸದ ಹಾಗೆಯೇ ಒಂದಿಷ್ಟು ಪದಾರ್ಥವನ್ನು ತಿನ್ನುತ್ತದೆ. ಆ ಸೀಳಿನ ಅಗಲ ಯಂತ್ರದಿಂದ ಯಂತ್ರಕ್ಕೆ, ಹಾಳೆಯಿಂದ ಹಾಳೆಗೆ ಬದಲಾಗುವುದರಿಂದ ಯಾರೋ ಹೇಳಿದ ಅಂಕಿಯನ್ನು ನಂಬದೆ ಅಲ್ಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ನಾನು ಅನುಸರಿಸುವ ಕ್ರಮ ಇದು: ಒಂದೇ ಸಾಲಿನಲ್ಲಿ 10 ಮಿ.ಮೀ. ಅಗಲದ ಹತ್ತು ತುಂಡುಗಳನ್ನು, ನಡುವೆ ಜಾಗ ಬಿಡದೆ ಒಂದೇ ಗೆರೆ ಎರಡಕ್ಕೂ ಸಾಮಾನ್ಯವಾಗಿರುವಂತೆ ಬರೆದು ಕತ್ತರಿಸಿ, ಆ ಹತ್ತನ್ನೂ ಒತ್ತಾಗಿ ಜೋಡಿಸಿ ಅಳೆಯುತ್ತೇನೆ. 100 ಬರಬೇಕಾದಲ್ಲಿ 98.2 ಬಂದರೆ ಸೀಳಿನ ಅಗಲ 0.18 ಮಿ.ಮೀ. ಎಂದಾಯಿತು. ಅದರ ಅರ್ಧದಷ್ಟು, ಎಂದರೆ 0.09 ಮಿ.ಮೀ., ಚಿತ್ರದ ಹೊರಗೆರೆಯನ್ನು ಸುತ್ತಲೂ ಹಿಗ್ಗಿಸಿದರೆ ಕತ್ತರಿಸಿದ ಮೇಲೆ ನಿಜವಾದ ಅಳತೆ ಉಳಿಯುತ್ತದೆ. ಸ್ಕ್ಯಾನ್ ಮಾಡಿದ ಚಿತ್ರವನ್ನು ಎಂದಿಗೂ ಕೊಡಬೇಡಿ. ಗೆರೆಗಳನ್ನು ಮಿ.ಮೀ. ಲೆಕ್ಕದಲ್ಲಿ ಬರೆದ ವೆಕ್ಟರ್ ಕಡತವನ್ನೇ ಪೆನ್‌ಡ್ರೈವಿನಲ್ಲಿ ಕೊಟ್ಟು, ಯಂತ್ರದ ಪರದೆಯ ಮೇಲೆ ರೂಲರಿನ ಉದ್ದ 300 ಎಂದು ತೋರಿಸುತ್ತಿದೆಯೇ ಎಂಬುದನ್ನು ನಿಂತು ನೋಡಿ.

ಅರ್ಧ ಮಿ.ಮೀ. ಸಡಿಲವಿದ್ದರೆ ಏನಾದೀತು ಎಂದು ಕೇಳುವವರಿದ್ದಾರೆ. ಟೆಂಪ್ಲೇಟ್ ಗುಬುಟುಗಳ ನಡುವೆ ಕೇವಲ ಒಂದು ಡಿಗ್ರಿ ವಾಲಿದರೂ, ಐದು ಎಂಬ ಅಂಕಿಯಿರುವ ನೇರ ಟೆಂಪ್ಲೇಟಿನ 200 ಮಿ.ಮೀ. ದೂರದಲ್ಲಿ ನೌಕೆ ಮೂರೂವರೆ ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಮೇಜಿನ ಮೇಲೆ ಅಡ್ಡಿಯಾಗಿ ಇಡುವ ಉಲ್ಕೆಗೆ ತಗಲುವುದೂ ತಪ್ಪಿಸಿಕೊಳ್ಳುವುದೂ ಎಷ್ಟೋ ಸಲ ಅಷ್ಟೇ ಅಂತರದಲ್ಲಿ ತೀರ್ಮಾನವಾಗುತ್ತದೆ. ಹೊಸ ಟೆಂಪ್ಲೇಟುಗಳು ಬಂದ ಕೂಡಲೇ ಪರೀಕ್ಷಿಸಲು ವರ್ನಿಯರ್ ಕೂಡ ಬೇಕಿಲ್ಲ: ಸಣ್ಣ ನೌಕೆಯ ಬೇಸ್ 40 ಮಿ.ಮೀ. ಚೌಕ, ಒಂದರ ನೇರ ಟೆಂಪ್ಲೇಟಿನ ಉದ್ದವೂ 40 ಮಿ.ಮೀ. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ ಮೇಲೆ ಬೆರಳು ಸವರಿದರೆ, ಮೆಟ್ಟಿಲು ಇದ್ದರೆ ಬೆರಳಿಗೇ ತಿಳಿಯುತ್ತದೆ.

ಬಿರುಕಿನ ವಿಷಯ. ಲೇಸರಿನ ಶಾಖಕ್ಕೆ ಅಕ್ರಿಲಿಕ್ಕಿನ ಅಂಚು ಕರಗಿ ತಟ್ಟನೆ ಆರುವಾಗ ಅಲ್ಲಿ ಒಂದು ಬಿಗಿತ ಉಳಿದುಬಿಡುತ್ತದೆ. ಸ್ಪಿರಿಟ್, ಥಿನ್ನರ್, ಗಾಜು ಒರೆಸುವ ಕೆಲವು ದ್ರಾವಣಗಳು ತಗಲಿದಾಗ ಆ ಬಿಗಿತವೇ ಬಿರುಕಾಗಿ ಒಡೆಯುತ್ತದೆ. ಒಡೆದದ್ದನ್ನು ಸರಿಪಡಿಸಲಾಗದು. ಮುಂದೆ ಸೋಪಿನ ನೀರು ಮತ್ತು ಮೆತ್ತನೆಯ ಹತ್ತಿ ಬಟ್ಟೆ ಬಿಟ್ಟು ಬೇರೇನನ್ನೂ ಬಳಸಬೇಡಿ. ಹಾಳೆ ಕೊಳ್ಳುವಾಗ ಕ್ಯಾಸ್ಟ್ ಅಕ್ರಿಲಿಕ್ ಎಂದು ಕೇಳಿ ಪಡೆಯಿರಿ. ಅದರ ಮೇಲೆ ಕೆತ್ತಿದ ಅಂಕಿಗಳು ಮಂಜಿನ ಹಾಗೆ ಬೆಳ್ಳಗೆ ಎದ್ದು ಕಾಣುತ್ತವೆ. ಅಂಕಿಗಳಿಗೆ ಬಣ್ಣ ಬೇಕಿದ್ದರೆ ಮೇಲಿನ ರಕ್ಷಣಾ ಕಾಗದವನ್ನು ಕೀಳುವ ಮೊದಲೇ, ಕೆತ್ತಿದ ತೋಡಿಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ತುಂಬಿ, ಆರಿದ ಮೇಲೆ ಕಾಗದವನ್ನು ಸುಲಿಯಿರಿ. ಬಣ್ಣ ತೋಡಿನಲ್ಲಷ್ಟೇ ಉಳಿಯುತ್ತದೆ.

ಒಂದು ಎಚ್ಚರಿಕೆ. ಖರ್ಚು ಕಡಿಮೆಯೆಂದು ಸನ್‌ಬೋರ್ಡ್ ಅಥವಾ ಪಿವಿಸಿ ಹಾಳೆಯನ್ನು ಲೇಸರಿಗೆ ಕೊಡಬೇಡಿ. ಪಿವಿಸಿ ಸುಟ್ಟಾಗ ಹೊರಬರುವ ಹೈಡ್ರೋಜನ್ ಕ್ಲೋರೈಡ್ ಅನಿಲ ಯಂತ್ರಕ್ಕೆ ತುಕ್ಕು ಹಿಡಿಸುತ್ತದೆ, ಪಕ್ಕದಲ್ಲಿ ನಿಂತವರ ಶ್ವಾಸಕೋಶವನ್ನು ಕೆಡಿಸುತ್ತದೆ.

ಉತ್ತರ 2: ಬೀಟೆ ಪಟ್ಟಿ (ಮಂಡಿ ಮೊಹಲ್ಲಾ, ಮೈಸೂರು)

ನಮ್ಮ ಮನೆಯಲ್ಲಿ ಬೀಟೆ ಮರದ ಇನ್‌ಲೇ ಕೆಲಸ ನಡೆಯುತ್ತದೆ. ನನ್ನ ಮಗ ಈ ಆಟ ಆಡುತ್ತಾನೆ, ನಾನು ಅವನಿಗೆ ರೂಲರ್ ಮಾಡಿಕೊಟ್ಟಿದ್ದೇನೆ. ಆ ಅನುಭವದಿಂದ ಎರಡು ಮಾತು.

ಮರ ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುವುದು ನಿಜವಾದರೂ, ಅದು ನಡೆಯುವುದು ಎಳೆಗೆ ಅಡ್ಡಲಾಗಿ. ಎಳೆಯ ಉದ್ದಕ್ಕೆ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಎಳೆಯುದ್ದಕ್ಕೆ ಸೀಳಿದ ಬೀಟೆಯ ಪಟ್ಟಿಯಲ್ಲಿ 300 ಮಿ.ಮೀ. ರೂಲರನ್ನು ನಿರಾತಂಕವಾಗಿ ಮಾಡಬಹುದು. ತಿರುವಿನ ಟೆಂಪ್ಲೇಟುಗಳನ್ನು ಮಾತ್ರ ಇಡೀ ಮರದಲ್ಲಿ ಮಾಡಬಾರದು. ತಿರುವಿನ ಒಂದು ಕಡೆ ಎಳೆ ಅಡ್ಡವಾಗಿಬಿಡುವುದರಿಂದ ಅಲ್ಲಿ ಅಳತೆ ಋತುವಿನಿಂದ ಋತುವಿಗೆ ಬದಲಾಗುತ್ತದೆ, ಕೈಜಾರಿ ಬಿದ್ದರೆ ಅಲ್ಲೇ ಮುರಿಯುತ್ತದೆ. ಅದಕ್ಕೆ ಅಕ್ರಿಲಿಕ್ ಅಥವಾ ಪ್ಲೈವುಡ್ಡೇ ಸರಿ.

100 ಮತ್ತು 200ರ ಗುರುತಿಗೆ ನಾನು ಬಿಳಿ ಪಟ್ಟಿಯನ್ನು ಕೂರಿಸಿದೆ. ಹಿಂದೆ ಇಂಥ ಕಡೆ ಆನೆದಂತ ಕೂರಿಸುತ್ತಿದ್ದರು. ಅದು ನಿಷೇಧವಾದ ಮೇಲೆ ಬಿಳಿ ಪ್ಲಾಸ್ಟಿಕ್ ಬಂತು. ಕೂರಿಸುವ ಪಟ್ಟಿ ಒಂದು ಮಿ.ಮೀ. ಅಗಲವಿದ್ದರೂ ಅದರ ಯಾವ ಅಂಚು ಲೆಕ್ಕಕ್ಕೆ ಎಂಬ ಪ್ರಶ್ನೆ ಬರುತ್ತದೆ. ನಾನು ಮೊದಲ ರೂಲರಿನಲ್ಲಿ ಪಟ್ಟಿಯ ನಡುಮಧ್ಯಕ್ಕೆ 100 ಬರುವಂತೆ ಮಾಡಿದ್ದೆ, ಮಕ್ಕಳು ಪ್ರತಿ ಸಲ ಕೇಳುತ್ತಿದ್ದರು. ಎರಡನೆಯದರಲ್ಲಿ ಪಟ್ಟಿಯ ಆಚೆಯ ಅಂಚೇ ಸರಿಯಾಗಿ 100ಕ್ಕೆ ಮುಗಿಯುವಂತೆ ತೋಡಿದೆ. ಬಿಳಿ ಇರುವವರೆಗೂ ಮೊದಲ ರೇಂಜ್, ಕರಿ ಶುರುವಾದರೆ ಎರಡನೆಯದು. ಮತ್ತೆ ಯಾರೂ ಕೇಳಲಿಲ್ಲ.

ಇಂಥ ಎಚ್ಚರ ನಮ್ಮ ಊರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮುಂಡೇಶ್ವರಿ ಛದವೆಂಬ ಗಂಜೀಫಾ (ಇಸ್ಪೀಟಿನಂಥ ಎಲೆಗಳ) ಆಟವನ್ನು 320 ಎಲೆಗಳಿಗೆ ರೂಪಿಸಿದ್ದರು. ಎಲೆಯ ಮುಖದ ಮೇಲೆ ಎಷ್ಟೇ ಚಿತ್ತಾರವಿರಲಿ, ಬೆನ್ನು ಮಾತ್ರ ಎಲ್ಲದರದೂ ಒಂದೇ ಬಣ್ಣದ್ದಿರಬೇಕು. ಇಲ್ಲದಿದ್ದರೆ ಎದುರಾಳಿಯ ಕೈಯಲ್ಲಿರುವ ಎಲೆ ಯಾವುದೆಂದು ಹೊರಗಿನಿಂದಲೇ ತಿಳಿದುಬಿಡುತ್ತದೆ. ನೌಕೆಯ ಸ್ಥಿತಿ ತೋರಿಸಲು ಪಕ್ಕದಲ್ಲಿಡುವ ನಿಮ್ಮ ಟೋಕನ್ನುಗಳಿಗೂ ಇದೇ ಮಾತು: ಚನ್ನಪಟ್ಟಣದ ಅರಗಿನ ಬಣ್ಣದಲ್ಲಿ ಮಾಡಿಸಿದರೂ ಫೋಕಸ್ ಮತ್ತು ಇವೇಡ್ ಹಸಿರಾಗಿಯೇ, ಸ್ಟ್ರೆಸ್ ಕೆಂಪಾಗಿಯೇ ಇರಲಿ. ಎದುರು ಕೂತವರು ಒಂದೇ ನೋಟಕ್ಕೆ ಗುರುತಿಸುವಂತಿರಬೇಕು.

ಉತ್ತರ 3: ಬಣ್ಣದ ಡಬ್ಬಿ (ಸರಸ್ವತಿಪುರಂ, ಮೈಸೂರು)

ಕಡ್ಡಿಗಳ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಮುರಿದ ತುದಿಯನ್ನು ಸೂಜಿಯಿಂದ ಕೀಳಲು ಹೋಗಬೇಡಿ, ನೌಕೆಯ ಹೊಟ್ಟೆ ಸೀಳುತ್ತದೆ. ಕೈಯಲ್ಲೇ ತಿರುಗಿಸುವ ಸಣ್ಣ ಡ್ರಿಲ್ಲಿಗೆ ಸಪೂರವಾದ ಬಿಟ್ ಹಾಕಿ, ಮುರಿದ ತುಂಡಿನ ನಡುವಿಗೆ ನಿಧಾನವಾಗಿ ತೂತು ಕೊರೆದರೆ ಸಾಮಾನ್ಯವಾಗಿ ಅದು ಬಿಟ್ಟಿಗೇ ಕಚ್ಚಿಕೊಂಡು ಹೊರಬರುತ್ತದೆ. ಆಮೇಲೆ ಮತ್ತೆ ಕಡ್ಡಿ ಸಿಕ್ಕಿಸದೆ ಅಯಸ್ಕಾಂತಕ್ಕೆ ಬದಲಾಯಿಸಿಕೊಳ್ಳಿ. ನೌಕೆಯ ಹೊಟ್ಟೆಗೆ 3 ಮಿ.ಮೀ. ವ್ಯಾಸದ ನಿಯೋಡಿಮಿಯಂ ಬಿಲ್ಲೆ, ಕಡ್ಡಿಯ ತುದಿಗೆ ಸಣ್ಣ ಉಕ್ಕಿನ ಗುಂಡು. ಗುಂಡಿನ ಮೇಲೆ ಬಿಲ್ಲೆ ಎತ್ತ ಬೇಕಾದರೂ ವಾಲುವುದರಿಂದ ನೌಕೆ ತಿರುವು ತೆಗೆದುಕೊಳ್ಳುತ್ತಿರುವಂತೆ ಓರೆಯಾಗಿ ನಿಲ್ಲಿಸಬಹುದು. ಕೈತಾಗಿದರೆ ನೌಕೆ ಕಳಚಿಕೊಳ್ಳುತ್ತದೆಯೇ ಹೊರತು ಏನೂ ಮುರಿಯುವುದಿಲ್ಲ. ಉಕ್ಕಿನ ಗುಂಡು ಬಳಸಿದರೆ ಯಾವ ಧ್ರುವ ಮೇಲೆ ಎಂಬ ಚಿಂತೆಯೂ ಇಲ್ಲ.

ಅಂಟಿಗೆ ಸೂಪರ್‌ಗ್ಲೂ ಬೇಡ. ಅದರ ಆವಿ ಪಾರದರ್ಶಕ ಕಡ್ಡಿಯ ಮೇಲೆ ಕೂತು ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಬಿಲ್ಲೆಯ ನಯವಾದ ನಿಕಲ್ ಲೇಪವನ್ನು ಒಂದೇ ಮುಖದಲ್ಲಿ ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಎರಡು ಟ್ಯೂಬುಗಳನ್ನು ಕಲಸುವ ಎಪಾಕ್ಸಿಯಿಂದ ಅಂಟಿಸಿ, ರಾತ್ರಿಯಿಡೀ ಆರಲು ಬಿಡಿ. ಉಜ್ಜಿದ ಮುಖ ಪೂರ್ತಿ ಅಂಟಿನೊಳಗೆ ಮುಚ್ಚಿಹೋಗಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ನೌಕೆಯ ಬಂದೂಕಿನ ನಳಿಕೆಗಳು ಬಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ, ನೆಟ್ಟಗೆ ಮಾಡಿ, ತಕ್ಷಣ ತಣ್ಣೀರಿಗೆ ಹಾಕುವುದು ನಿಮಗೆ ಗೊತ್ತಿರಬಹುದು. ಆ ಕೆಲಸವನ್ನು ಅಯಸ್ಕಾಂತ ಕೂರಿಸುವ ಮೊದಲೇ ಮುಗಿಸಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ, ಮತ್ತೆ ಬರುವುದಿಲ್ಲ. ನಾನು ಹೀಗೆ ಮೂರು ನೌಕೆಗಳ ಬಿಲ್ಲೆಗಳನ್ನು ಕಳೆದುಕೊಂಡೆ. ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟ್ ಮಾಡಿದ ಸ್ಟ್ಯಾಂಡುಗಳನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಅದು ಸುಮಾರು 60 ಡಿಗ್ರಿಗೇ ಮೆತ್ತಗಾಗಿ ಬಾಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಿಡಿ ಬಿಲ್ಲೆಗಳನ್ನು ಎಣಿಸಿ ಡಬ್ಬಿಯಲ್ಲಿ ಬೀಗ ಹಾಕಿಡಿ. ಎರಡು ಬಿಲ್ಲೆ ನುಂಗಿದರೆ ಕರುಳಿನ ಎರಡು ಸುತ್ತುಗಳನ್ನು ನಡುವೆ ಹಿಡಿದು ಒತ್ತಿ ತೂತು ಮಾಡಿಬಿಡಬಹುದು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಉತ್ತರ 4: ಗುತ್ತಲು ರಸ್ತೆ (ಮಂಡ್ಯ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೆಬ್ಬಾಳ್ ಸರ್ ಹೇಳಿದ್ದು ಅಕ್ಷರಶಃ ನಿಜ; ಹಳೆಯ ಕಾಗದವನ್ನು ಹುಡುಕಿ ತೆಗೆದು ಅಳೆದೆ, ಅದರಲ್ಲೇ ರೂಲರ್ 285 ಇತ್ತು. ಅದೇ ಅಂಗಡಿಗೆ ಹೋಗಿ ಹತ್ತು ತುಂಡುಗಳ ಪರೀಕ್ಷೆ ಮಾಡಿಸಿದೆ. ಅವರ ಯಂತ್ರದಲ್ಲಿ 98.1 ಬಂತು. ಚಿತ್ರವನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಿ ಕತ್ತರಿಸಿದ ಟೆಂಪ್ಲೇಟ್ ಈಗ ಗುಬುಟುಗಳ ನಡುವೆ ಹೆಚ್ಚು ಒತ್ತದೆ, ಅಲುಗಾಡದೆ ಜಾರಿ ಕೂರುತ್ತದೆ. ಅಂಗಡಿಯವರೇ ಆಸಕ್ತಿಯಿಂದ ಆ ಅಂಕಿಯನ್ನು ಯಂತ್ರದ ಮೇಲೆ ಬರೆದು ಅಂಟಿಸಿಕೊಂಡರು. ಅಯಸ್ಕಾಂತಗಳು ಇನ್ನೂ ಬರಬೇಕಿದೆ, ಬಂದ ಮೇಲೆ ಮೇಡಂ ಹೇಳಿದ ಕ್ರಮದಲ್ಲೇ ಕೂರಿಸುತ್ತೇನೆ.

ನನ್ನ ಕಡೆಯಿಂದಲೂ ಒಂದು ಸಂಗತಿ. ಉಲ್ಕೆಗಳಿಗೆ ನಾನು ಮೊದಲು ಥರ್ಮಾಕೋಲ್ ಬಳಸಿ, ಸೂಪರ್‌ಗ್ಲೂ ತಾಗಿ ಕರಗಿ ಕೈಬಿಟ್ಟಿದ್ದೆ. ಈಗ ನಮ್ಮೂರ ಕಡೆಯ ಆಲೆಮನೆಯ ಒಲೆಯಿಂದ, ಕಬ್ಬಿನ ಸಿಪ್ಪೆಯ ಬೂದಿ ಕರಗಿ ಹೆಪ್ಪುಗಟ್ಟಿದ ಕಿಟ್ಟದ ತುಂಡುಗಳನ್ನು ತಂದಿದ್ದೇನೆ. ತೂತು ತೂತಾಗಿ, ಹಗುರವಾಗಿ, ಅಲ್ಲಲ್ಲಿ ಗಾಜಿನಂತೆ ಹೊಳೆಯುತ್ತವೆ. ಬಣ್ಣವನ್ನೇ ಹಚ್ಚಬೇಕಿಲ್ಲ. ಆಟದ ಜೊತೆ ಬಂದ ರಟ್ಟಿನ ಉಲ್ಕೆಯ ಹೊರಗೆರೆಗೆ ಸರಿಯಾಗಿ ಅಕ್ರಿಲಿಕ್ ತಳ ಕತ್ತರಿಸಿ, ಕಿಟ್ಟ ಅದರ ಅಂಚಿನಿಂದ ಹೊರಚಾಚದಂತೆ ಒಳಗಡೆಗೆ ಅಂಟಿಸಿದ್ದೇನೆ. ನೌಕೆ ತಗಲಿತೋ ಇಲ್ಲವೋ ಎಂಬುದನ್ನು ತಳದ ಗೆರೆಯೇ ಹೇಳುತ್ತದೆ. ನೌಕೆ ಅದರ ಮೇಲೆಯೇ ನಿಲ್ಲಬೇಕಾಗಿ ಬಂದರೆ ಕಿಟ್ಟವನ್ನು ಎತ್ತಿಡಲು ಆಗುವಂತೆ ಹೇಗೆ ಜೋಡಿಸಬೇಕೆಂದು ಇನ್ನೂ ಹೊಳೆದಿಲ್ಲ.

ಉತ್ತರ 5: ಬಣ್ಣದ ಡಬ್ಬಿ (ಸರಸ್ವತಿಪುರಂ, ಮೈಸೂರು)

ಅದಕ್ಕೂ ಅಯಸ್ಕಾಂತವೇ ಆಗುತ್ತದೆ. ತಳದಲ್ಲಿ ಬಿಲ್ಲೆಯ ಅಳತೆಗೆ ತೂತು ಕತ್ತರಿಸಿ, ಅದರಲ್ಲಿ ಬಿಲ್ಲೆಯನ್ನು ಮಟ್ಟಸವಾಗಿ ಕೂರಿಸಿ, ಕಿಟ್ಟದ ಕೆಳಗೆ ಒಂದು ಕಬ್ಬಿಣದ ವಾಷರ್ ಅಂಟಿಸಿ. ಬೇಕಾದಾಗ ಎತ್ತಿ ಪಕ್ಕಕ್ಕಿಡಬಹುದು, ತಳ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಹೆಚ್ಚಿಗೆ ಕಿಟ್ಟ ಸಿಕ್ಕಿದರೆ ಮೈಸೂರಿಗೆ ಬರುವಾಗ ನಮಗೂ ಆರು ತುಂಡು ತನ್ನಿ.