ಅಂಗಡಿಯ ಪಫ್ ಹಾಳೆಯಲ್ಲಿ ಬಾದಾಮಿ ಪೇಸ್ಟ್ರಿ: ಉಬ್ಬುತ್ತಿಲ್ಲ, ತಳ ಹಸಿ, ತಟ್ಟೆಯ ತುಂಬ ಬೆಣ್ಣೆ

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ನನ್ನ ತಂಗಿಯ ಸೀಮಂತ. ಹೋಳಿಗೆ, ಚಿತ್ರಾನ್ನಗಳನ್ನು ಅಡುಗೆಯವರು ಮಾಡುತ್ತಾರೆ. ಅವಳಿಗೆ ಬಹಳ ಇಷ್ಟವಾದ ಬಾದಾಮಿ ಪೇಸ್ಟ್ರಿಯನ್ನು, ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುವಷ್ಟು ಚಿಕ್ಕದಾಗಿ, ನಾನೇ ಮಾಡಬೇಕೆಂದು ಆಸೆ. ಹಿಟ್ಟು ನಾದಿ ಪದರ ಮಡಿಸುವಷ್ಟು ಬಿಡುವಿಲ್ಲದ್ದರಿಂದ ಫ್ರೋಜನ್ ಪಫ್ ಹಾಳೆ ತರಿಸಿದೆ. ನಿನ್ನೆ ಪರೀಕ್ಷೆಗೆಂದು ಇಪ್ಪತ್ತು ಮಾಡಿದೆ. ಒಂದೂ ಸರಿಯಾಗಲಿಲ್ಲ.

ಮಾಡಿದ ಕ್ರಮ ಹೀಗಿದೆ. ಹಾಳೆಯನ್ನು ಫ್ರೀಜರಿನಿಂದ ತೆಗೆದು ಒಂದು ಗಂಟೆ ಅಡುಗೆಕಟ್ಟೆಯ ಮೇಲಿಟ್ಟೆ. ಸಣ್ಣ ಸ್ಟೀಲ್ ಲೋಟದ ಬಾಯಿಯನ್ನು ಒತ್ತಿ, ತಿರುಗಿಸಿ ದುಂಡಗೆ ಕತ್ತರಿಸಿದೆ. ರಾತ್ರಿ ನೆನೆಸಿ ಸಿಪ್ಪೆ ಸುಲಿದ ಬಾದಾಮಿಯನ್ನು ಸಕ್ಕರೆ, ಏಲಕ್ಕಿ, ಬೆಣ್ಣೆ, ಕಾಲು ಲೋಟ ಹಾಲಿನೊಂದಿಗೆ ನುಣ್ಣಗೆ ರುಬ್ಬಿ ಮಧ್ಯದಲ್ಲಿಟ್ಟೆ. ಮನೆಯ ಹಿರಿಯರು ಮೊಟ್ಟೆ ತಿನ್ನುವುದಿಲ್ಲ, ಅದಕ್ಕಾಗಿ ಹಾಲು. 28 ಲೀಟರಿನ ಓಟಿಜಿ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್), 180 ಡಿಗ್ರಿ, 20 ನಿಮಿಷ.

ಹೊರಬಂದದ್ದು ದಪ್ಪ ಬಿಸ್ಕತ್ತಿನಂತಿತ್ತು. ಕೆಲವು ಒಂದೇ ಕಡೆ ಎದ್ದು ವಾಲಿಕೊಂಡಿದ್ದವು. ತಳ ಹಸಿ ಹಿಟ್ಟು. ತಟ್ಟೆಯಲ್ಲಿ ತುಪ್ಪ ನಿಂತಿತ್ತು, ಹೂರಣ ಹರಿದು ಹೊತ್ತಿತ್ತು. ಎಲ್ಲಿ ತಪ್ಪಿದೆ ಎಂದು ದಯವಿಟ್ಟು ತಿಳಿಸಿ.

ಹಳೆಯ ಭಟ್ಟಿ:
ಅಕ್ಕ, ನಾನು 18 ವರ್ಷ ಬೇಕರಿಯಲ್ಲಿ ಪಫ್ಸ್ ಮಾಡಿದವನು. ನೀವು ಕ್ರಮವನ್ನು ಬಿಡಿಸಿ ಬರೆದದ್ದರಿಂದ ಹೇಳುವುದು ಸುಲಭವಾಯಿತು.

ಪಫ್ ಉಬ್ಬುವುದು ಸೋಡಾದಿಂದಲೂ ಅಲ್ಲ, ಈಸ್ಟಿನಿಂದಲೂ ಅಲ್ಲ, ಬರೀ ಹಬೆಯಿಂದ. ಹಿಟ್ಟಿನ ಒಂದು ಪದರ, ಬೆಣ್ಣೆಯ ಒಂದು ಪದರ, ಹೀಗೆ ನೂರಾರು ಇರುತ್ತವೆ. ಬಿಸಿ ತಾಗಿದ ಕೂಡಲೇ ಒಳಗಿನ ನೀರು ಹಬೆಯಾಗಿ ಒಂದೊಂದೇ ಪದರವನ್ನು ಮೇಲಕ್ಕೆತ್ತುತ್ತದೆ. ಭಟ್ಟಿಯ ಬಾಗಿಲು ತಲುಪುವವರೆಗೂ ಬೆಣ್ಣೆ ಗಟ್ಟಿಯಾಗಿಯೇ ಇರಬೇಕು. ಬೆಣ್ಣೆ ಕರಗುವುದು ಸುಮಾರು 32ರಿಂದ 35 ಡಿಗ್ರಿಯಲ್ಲಿ. ಈ ಬೇಸಿಗೆಯಲ್ಲಿ ನಿಮ್ಮ ಅಡುಗೆಮನೆಯೇ ಅಷ್ಟು ಬಿಸಿ ಇರುತ್ತದೆ. ಕಟ್ಟೆಯ ಮೇಲೆ ಒಂದು ಗಂಟೆ ಎಂದರೆ ಬೆಣ್ಣೆ ಹಿಟ್ಟಿನೊಳಗೆ ಇಂಗಿಹೋಗಿರುತ್ತದೆ, ಬೇರೆ ಬೇರೆ ಪದರವೆಂಬುದೇ ಉಳಿಯುವುದಿಲ್ಲ. ಹಿಂದಿನ ರಾತ್ರಿಯೇ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ನಾವು ಬೇಸಿಗೆಯಲ್ಲಿ ಲಟ್ಟಿಸುವ ಕೆಲಸವನ್ನು ಬೆಳಗಿನ ಜಾವ ನಾಲ್ಕಕ್ಕೇ ಮುಗಿಸುತ್ತಿದ್ದೆವು. ಆ ಹೊತ್ತಿನ ತಂಪಿಗೆ ಬೆಲೆ ಕಟ್ಟಲಾಗದು.

ಇನ್ನು ಆ ಲೋಟ. ಸ್ಟೀಲ್ ಲೋಟದ ಬಾಯಿಯ ಮೇಲೆ ಬೆರಳಾಡಿಸಿ ನೋಡಿ, ಅಂಚನ್ನು ಹೊರಕ್ಕೆ ಸುರುಳಿ ಸುತ್ತಿರುತ್ತಾರೆ. ಅದು ಕತ್ತರಿಸುವುದಿಲ್ಲ, ಅದುಮುತ್ತದೆ. ಅಂಚಿನಲ್ಲಿ ಪದರಗಳು ಒಂದಕ್ಕೊಂದು ಅಂಟಿ ಹೊಲಿಗೆ ಹಾಕಿದಂತಾಗುತ್ತವೆ. ತಿರುಗಿಸಿದರಂತೂ ಮುಗಿಯಿತು. ಅಂಟಿದ ಕಡೆ ಏಳದೆ, ಬಿಟ್ಟ ಕಡೆ ಎದ್ದು, ವಾಲುತ್ತದೆ. ಹರಿತವಾದ ಚಾಕುವನ್ನು ಎಳೆಯದೆ ಮೇಲಿನಿಂದ ನೇರವಾಗಿ ಒತ್ತಿ, 5 ಸೆಂಟಿಮೀಟರಿನ ಚೌಕಗಳನ್ನು ಮಾಡಿ. ಚೌಕವಾದರೆ ಚೂರುಪಾರು ಹಿಟ್ಟೂ ಉಳಿಯುವುದಿಲ್ಲ.

ಎರಡು ಪ್ರಶ್ನೆ: ಪೊಟ್ಟಣದ ಮೇಲೆ ಬೆಣ್ಣೆ ಎಂದಿದೆಯೋ, ವನಸ್ಪತಿ ಕೊಬ್ಬು ಎಂದಿದೆಯೋ? ಅಂಗಡಿಯಿಂದ ನಿಮ್ಮ ಫ್ರೀಜರಿಗೆ ಎಷ್ಟು ಹೊತ್ತಿನಲ್ಲಿ ಬಂತು?

ಬೆಣ್ಣೆನಗರಿ:
ಬೆಣ್ಣೆ ಎಂದೇ ಬರೆದಿದೆ ಅಣ್ಣ. ತಂದದ್ದು ಬೆಂಗಳೂರಿನಿಂದ. ನಮ್ಮವರು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹಗಲು ಬಸ್ಸಿನಲ್ಲಿ ದಾವಣಗೆರೆಗೆ ಬಂದರು. ಮನೆಗೆ ಬಂದಾಗ ಪೊಟ್ಟಣ ಮೆತ್ತಗಿತ್ತು. ಕೂಡಲೇ ಫ್ರೀಜರಿಗೆ ಹಾಕಿದೆ, ಮತ್ತೆ ಕಲ್ಲಿನಂತಾಯಿತು. ಹಾಗಾಗಿ ಏನೂ ಆಗಿರಲಿಕ್ಕಿಲ್ಲ ಎಂದುಕೊಂಡೆ.

ಹಳೆಯ ಭಟ್ಟಿ:
ಅಕ್ಕ, ಅರ್ಧ ಕೆಲಸ ಬಸ್ಸಿನಲ್ಲೇ ಕೆಟ್ಟಿದೆ. ಸುಮಾರು 260 ಕಿಲೋಮೀಟರ್ ದಾರಿಯಲ್ಲಿ ಬೆಣ್ಣೆ ಕರಗಿ ಹಿಟ್ಟಿಗೆ ಇಳಿದಿದೆ. ಮತ್ತೆ ಹೆಪ್ಪುಗಟ್ಟಿಸಿದರೆ ಹಾಳೆ ಗಟ್ಟಿಯಾಗುತ್ತದೆಯೇ ಹೊರತು ಪದರ ಹಿಂದಿರುಗುವುದಿಲ್ಲ. ಉಳಿದ ಆ ಹಾಳೆಗಳನ್ನು ಪಟ್ಟಿ ಕತ್ತರಿಸಿ, ಜೀರಿಗೆ, ಉಪ್ಪು ಉದುರಿಸಿ ಖಾರದ ಕಡ್ಡಿ ಮಾಡಿಕೊಳ್ಳಿ, ಚೆನ್ನಾಗಿಯೇ ಇರುತ್ತದೆ. ಸೀಮಂತಕ್ಕೆ ಮಾತ್ರ ಹೊಸದು ತರಿಸಿ. ಥರ್ಮಕೋಲ್ ಡಬ್ಬಿ, ಸುತ್ತಲೂ ಐಸ್ ಪ್ಯಾಕ್, ರಾತ್ರಿ ಬಸ್ಸು.

ಬೆಣ್ಣೆಯ ಹಾಳೆ ಕಷ್ಟವೆನಿಸಿದರೆ ವನಸ್ಪತಿ ಕೊಬ್ಬಿನ ಹಾಳೆ ಬಿಸಿಲನ್ನು ಹೆಚ್ಚು ತಡೆಯುತ್ತದೆ. ಆದರೆ ಅದು ನಾಲಿಗೆಯ ಮೇಲೆ ಕರಗದೆ ಅಂಗುಳಿಗೆ ಮೆತ್ತಿಕೊಳ್ಳುತ್ತದೆ. ತಂಗಿಗೆಂದು ಮಾಡುತ್ತಿದ್ದೀರಿ, ನನ್ನ ಮಾತು ಕೇಳಿದರೆ ಬೆಣ್ಣೆಯದ್ದೇ ಇರಲಿ.

ಪ್ಯಾರಿಸ್ ಪಕ್ಕದೂರು:
ನಾನು ಹೂರಣದ ಬಗ್ಗೆ ಮಾತ್ರ ಬರೆಯುತ್ತೇನೆ. ಇಲ್ಲಿ ಫ್ರಾನ್ಸಿನಲ್ಲಿ ಜನವರಿ 6ರ ಕ್ರೈಸ್ತ ಹಬ್ಬದ ಸುಮಾರಿಗೆ ಎಲ್ಲ ಬೇಕರಿಗಳಲ್ಲೂ ಗಾಲೆತ್ ದೆ ರುವಾ ಎಂಬ ದುಂಡು ಪಫ್ ಇರುತ್ತದೆ, ಒಳಗೆ ಬಾದಾಮಿಯ ಹೂರಣ. ನೀವು ಮಾಡುತ್ತಿರುವುದು ಅದರ ಮರಿ. ಆ ಹೂರಣದ ಲೆಕ್ಕ ಬಹಳ ಸರಳ: ಬಾದಾಮಿ ಪುಡಿ, ಸಕ್ಕರೆ, ಬೆಣ್ಣೆ, ಮೊಟ್ಟೆ ನಾಲ್ಕೂ ಸಮತೂಕ. ಬೆಣ್ಣೆ ಕರಗಿದಾಗ ಹೂರಣವನ್ನು ಹಿಡಿದು ನಿಲ್ಲಿಸುವುದು ಮೊಟ್ಟೆ. ನೀವು ಅದನ್ನು ತೆಗೆದು ಹಾಲು ಸೇರಿಸಿದಿರಿ, ಹಿಡಿಯುವವರೇ ಇಲ್ಲವಾದರು.

ಅದಕ್ಕಿಂತ ದೊಡ್ಡ ಕಾರಣ ನೆನೆಸಿದ ಬಾದಾಮಿ. ನನ್ನ ತಾಯಿಯೂ ಬಾದಾಮಿ ಹಾಲಿಗೆ, ಹಲ್ವಾಕ್ಕೆ ಹೀಗೆಯೇ ನೆನೆಸಿ ರುಬ್ಬುತ್ತಾರೆ. ಅಲ್ಲಿ ಒಲೆಯ ಮೇಲೆ ಕಲಕುತ್ತಾ ನೀರನ್ನು ಆರಿಸುತ್ತೇವೆ. ಇಲ್ಲಿ ಆ ನೀರಿಗೆ ಹೋಗಲು ಬೇರೆ ದಾರಿಯಿಲ್ಲ, ತಳದ ಹಿಟ್ಟಿಗೇ ಇಳಿಯುತ್ತದೆ. ಬಾದಾಮಿಯನ್ನು ಕುದಿಯುವ ನೀರಿನಲ್ಲಿ ಒಂದೇ ನಿಮಿಷ ಹಾಕಿ, ತಣ್ಣೀರಿಗೆ ಬಸಿಯಿರಿ. ಬೆರಳಿನಲ್ಲಿ ಚಿವುಟಿದರೆ ಸಿಪ್ಪೆ ಜಾರಿ ಬೀಜ ಹೊರಕ್ಕೆ ಚಿಮ್ಮುತ್ತದೆ. ಬಟ್ಟೆಯ ಮೇಲೆ ಹರಡಿ, ಎರಡಾಗಿ ಮುರಿದರೆ ಟಪ್ ಎಂದು ಸದ್ದಾಗುವವರೆಗೆ ಒಣಗಿಸಿ. ಮಿಕ್ಸಿಯಲ್ಲಿ ಸಕ್ಕರೆಯ ಜೊತೆಗೆ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಜಾರ್ ಬಿಸಿಯಾಗಿ ಎಣ್ಣೆ ಬಿಟ್ಟುಕೊಳ್ಳುತ್ತದೆ.

ಮೊಟ್ಟೆಯಿಲ್ಲದೆ ನಾನು ಮಾಡುವ ಅಳತೆ, ಸುಮಾರು 25 ಚೌಕಗಳಿಗೆ: ಬಾದಾಮಿ 70 ಗ್ರಾಂ, ಸಕ್ಕರೆ 50 ಗ್ರಾಂ, ಮೆತ್ತಗಿನ ಬೆಣ್ಣೆ 40 ಗ್ರಾಂ, ಮೈದಾ ಒಂದು ದೊಡ್ಡ ಚಮಚ, ಕಾರ್ನ್‌ಫ್ಲೋರ್ ಒಂದು ದೊಡ್ಡ ಚಮಚ, ಚಿಟಿಕೆ ಉಪ್ಪು, ಹಾಲು ಒಂದೂವರೆ ದೊಡ್ಡ ಚಮಚ, ಅದಕ್ಕಿಂತ ಹೆಚ್ಚು ಬೇಡ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗೆ, ಉಂಡೆ ಕಟ್ಟಲು ಬರಬೇಕು. ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ, ಕಡಲೆಕಾಯಿಯ ಗಾತ್ರದ ಉಂಡೆಯನ್ನು ಚೌಕದ ನಡುವೆ ಇಡಿ. ಹೆಚ್ಚು ತುಂಬುವ ಆಸೆ ಬೇಡ. ಮೇಲೆ ಹಾಲು ಸವರುವಾಗ ಕತ್ತರಿಸಿದ ಅಂಚಿಗೆ ಇಳಿಯದಂತೆ ನೋಡಿಕೊಳ್ಳಿ, ಇಳಿದರೆ ಅದೂ ಪದರಗಳನ್ನು ಅಂಟಿಸುತ್ತದೆ.

ಬೆಣ್ಣೆನಗರಿ:
ಹೊಸ ಹಾಳೆ ಇಂದು ಬೆಳಿಗ್ಗೆ ಐಸ್ ಸಮೇತ ಬಂತು. ಹೇಳಿದಂತೆಯೇ ಮಾಡಿದೆ. ಚಾಕುವಿನಿಂದ ಕತ್ತರಿಸಿದ ಅಂಚನ್ನು ಹತ್ತಿರದಿಂದ ನೋಡಿದೆ, ಪುಸ್ತಕದ ಹಾಳೆಗಳ ಹಾಗೆ ಗೆರೆ ಗೆರೆಯಾಗಿ ಕಾಣುತ್ತಿತ್ತು! ಮೊದಲ ಸಲ ಅದು ಬರೀ ಚಪ್ಪಟೆಯಾಗಿತ್ತು. ಓಟಿಜಿಯ ಗಾಜಿನಲ್ಲಿ ನೋಡುತ್ತಲೇ ನಿಂತಿದ್ದೆ, ಏಳನೆಯ ನಿಮಿಷಕ್ಕೆ ನಾಲ್ಕೂ ಮೂಲೆಗಳು ಎದ್ದವು. ಹೂರಣ ಒಂದು ಹನಿಯೂ ಹರಿಯಲಿಲ್ಲ. ಆದರೆ ಮೇಲೆ ಕೆಂಪಾದರೂ ತಳ ಇನ್ನೂ ಬೆಳ್ಳಗೆ, ಸ್ವಲ್ಪ ಮೆತ್ತಗೆ ಇದೆ.

ಹಳೆಯ ಭಟ್ಟಿ:
ಬಹಳ ಸಂತೋಷವಾಯಿತು ಅಕ್ಕ. ಇನ್ನು ಉಳಿದದ್ದು ಶಾಖ. 180 ಸಾಲದು, 200ಕ್ಕೆ ಇಡಿ. ಮೇಲಿನ, ಕೆಳಗಿನ ಎರಡೂ ಕಂಬಿಗಳು ಉರಿಯುತ್ತಿವೆಯೇ ನೋಡಿ. ಖಾಲಿ ಓಟಿಜಿಯನ್ನು 15 ನಿಮಿಷ ಕಾಯಿಸಿ, ಖಾಲಿ ತಟ್ಟೆಯೂ ಒಳಗೇ ಕಾಯಲಿ. ಚೌಕಗಳನ್ನು ಬೇಕಿಂಗ್ ಕಾಗದದ ಮೇಲೆ ಜೋಡಿಸಿ, ಕಾಗದದ ಸಮೇತ ಫ್ರೀಜರಿನಲ್ಲಿ 15 ನಿಮಿಷ ಇಟ್ಟು, ಅದನ್ನು ಹಾಗೆಯೇ ಬಿಸಿ ತಟ್ಟೆಯ ಮೇಲೆ ಜಾರಿಸಿ. ನಡುವಿನ ಅರೆಗಿಂತ ಒಂದು ಮೆಟ್ಟಿಲು ಕೆಳಗೆ. ಮೇಲ್ಭಾಗ ಕೆಂಪಾದ ಮಾತ್ರಕ್ಕೆ ತೆಗೆಯಬೇಡಿ, ಒಂದನ್ನು ಎತ್ತಿ ತಳ ನೋಡಿ ತೆಗೆಯಿರಿ.

ಬೆಣ್ಣೆನಗರಿ:
ಸರಿಹೋಯಿತು! 200ರಲ್ಲಿ 17 ನಿಮಿಷ. ತಳ ಹೋಳಿಗೆಯ ಕಾವಲಿಯ ಬಣ್ಣಕ್ಕೆ ಬರುವ ಮುನ್ನ, ಜೇನಿನ ಬಣ್ಣದಲ್ಲಿದ್ದಾಗ ತೆಗೆದೆ. ಕಚ್ಚಿದರೆ ಚೂರು ಚೂರಾಗಿ ಉದುರುತ್ತದೆ, ಒಳಗೆ ಬಾದಾಮಿ ಮೃದು. ಅತ್ತೆ ಎರಡನೆಯದನ್ನು ತಾವೇ ಕೇಳಿ ತೆಗೆದುಕೊಂಡರು. ಕೊನೆಯ ಪ್ರಶ್ನೆ: ಭಾನುವಾರಕ್ಕೆ 80 ಬೇಕು. ಶನಿವಾರವೇ ಬೇಯಿಸಿ ಡಬ್ಬಿಯಲ್ಲಿಡಬಹುದೇ?

ಪ್ಯಾರಿಸ್ ಪಕ್ಕದೂರು:
ಬೇಯಿಸಿಡಬೇಡಿ, ಹಸಿಯಾಗಿಯೇ ಸಿದ್ಧಮಾಡಿಡಿ. ಶನಿವಾರ ಹೂರಣ ಇಟ್ಟು, ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರಿಗೆ ಹಾಕಿ. ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ಭಾನುವಾರ ಬೆಳಿಗ್ಗೆ ಕರಗಲು ಬಿಡದೆ ನೇರವಾಗಿ ಬಿಸಿ ಓಟಿಜಿಗೆ, ಮೂರು ನಾಲ್ಕು ನಿಮಿಷ ಹೆಚ್ಚು. ನಿಮ್ಮ ತಟ್ಟೆಯಲ್ಲಿ 20 ಹಿಡಿದರೆ ನಾಲ್ಕು ಸರದಿ. ಬೆಂದವನ್ನು ಜಾಲರಿಯ ಮೇಲೆ ಆರಿಸಿ. ಬಿಸಿಯಿರುವಾಗ ಸ್ಟೀಲ್ ಡಬ್ಬಿ ಮುಚ್ಚಿದರೆ ಹಬೆಗೆ ಮೆತ್ತಗಾಗುತ್ತವೆ. ಬಡಿಸುವ ಮುನ್ನ 160ರಲ್ಲಿ ಐದು ನಿಮಿಷ ಇಟ್ಟರೆ ಮತ್ತೆ ಗರಿಗರಿ. ಮೈಕ್ರೋವೇವ್ ಬೇಡ. ನಿಮ್ಮ ತಂಗಿಗೆ ನನ್ನ ಶುಭಾಶಯ ತಿಳಿಸಿ.